‘ಟವರ್ ಫುಲ್ ಅದ, ನೆಟ್ ಇಲ್ಲ’: ಗಡಿ ಊರಿನ ಫೋನಿನೊಳಗೆ ಏನು ನಡೀತದೆ?



ಇವತ್ತಿನ ಮಾತು ಬೀದರ್ ಜಿಲ್ಲೆಯ ಎರಡು ಊರುಗಳ ಸುತ್ತ: ಹುಮನಾಬಾದ್ ಮತ್ತು ಬಸವಕಲ್ಯಾಣ. ಈ ಕಡೆ ಯಾವ ನ್ಯಾಯಬೆಲೆ ಅಂಗಡಿ ಮುಂದೆ ನಿಂತರೂ, ಯಾವ ಚಹಾ ಹೋಟೆಲಿಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳ್ತದೆ. ‘ಟವರ್ ಫುಲ್ ಅದ್ರಿ, ನೆಟ್ ಇಲ್ಲ.’ ಬೆಂಗಳೂರಿನಲ್ಲಿ ಕೂತವರಿಗೆ ಇದು ತಮಾಷೆ ಅನ್ನಿಸಬಹುದು. ಟವರ್ ಇದ್ದಮೇಲೆ ನೆಟ್ ಯಾಕಿಲ್ಲ, ಸುಳ್ಳು ಹೇಳ್ತಾರೆ, ಫೋನ್ ಹಳೇದಿರಬೇಕು ಅಂತ. ಆದರೆ ಈ ಮಾತು ತಾಂತ್ರಿಕವಾಗಿ ನೂರಕ್ಕೆ ನೂರು ಸರಿ. ಹಾಗೆ ಹೇಳುವವರಿಗೆ ತಮ್ಮ ಫೋನಿನ ಬಗ್ಗೆ ಕಂಪನಿಯ ಜಾಹೀರಾತಿಗಿಂತ ಚೆನ್ನಾಗಿ ಗೊತ್ತಿದೆ. ಅದು ಯಾಕೆ ಸರಿ, ಮತ್ತು ಆ ಒಂದು ಸಾಲಿನ ಹಿಂದೆ ಯಾರ ಅಕ್ಕಿ, ಯಾರ ಕೂಲಿ ಸಿಕ್ಕಿಹಾಕಿಕೊಳ್ತದೆ ಅನ್ನೋದನ್ನ ನೋಡೋಣ.

ಮೊದಲು ಆ ಕಡ್ಡಿಗಳ ವಿಷಯ. ಫೋನಿನ ಮೇಲ್ಗಡೆ ಕಾಣುವ ನಾಲ್ಕೈದು ಕಡ್ಡಿ ಏನನ್ನ ಅಳೀತಾವೆ? ಪ್ರತಿ ಟವರ್ ಹಗಲು ರಾತ್ರಿ ‘ನಾನಿಲ್ಲಿದ್ದೇನೆ’ ಅಂತ ಒಂದು ಸಂಕೇತ ಕಳಿಸ್ತಾ ಇರ್ತದೆ. ಟವರಿಗೆ ಎಷ್ಟೇ ಕೆಲಸ ಇರಲಿ, ಈ ಸಂಕೇತ ಕುಗ್ಗೋದಿಲ್ಲ. ನಿಮ್ಮ ಫೋನಿನ ಕಡ್ಡಿಗಳು ಅದರ ಜೋರನ್ನಷ್ಟೇ ತೋರಿಸ್ತಾವೆ. ಜಾತ್ರೆಗೆ ಹೊರಟವರಿಗೆ ದೂರದಿಂದ ಗುಡಿಯ ದೀಪ ಕಾಣಿಸ್ತದಲ್ಲ, ಹಾಗೆ. ದೀಪ ಚೆನ್ನಾಗಿ ಕಂಡಿತು ಅಂದ್ರೆ ಒಳಗೆ ಸಾಲು ಎಷ್ಟು ಉದ್ದ ಇದೆ ಅಂತ ಗೊತ್ತಾಗೋದಿಲ್ಲ.

ಎರಡನೇದು ಇನ್ನೂ ಮುಖ್ಯ. ನಾವು ‘ನೆಟ್‌ವರ್ಕ್’ ಅಂತ ಏಕವಚನದಲ್ಲಿ ಕರೆಯೋದರ ಒಳಗೆ ಎರಡು ಬೇರೆ ಬೇರೆ ಪದ್ಧತಿಗಳು ಒಂದೇ ಮನೆಯಲ್ಲಿ ಸಂಸಾರ ಮಾಡ್ತಿವೆ. ಮಾತಿಗೆ ಒಂದು, ಡೇಟಾಕ್ಕೆ ಒಂದು.

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಸೋಲಾಪುರದ ದಿಕ್ಕಿಗೆ ಹೋದರೆ ಸಸ್ತಾಪುರ ಬಂಗ್ಲಾ ಸಿಗ್ತದೆ. ಅಲ್ಲಿಂದ ಒಳಗೆ ಬಸವಕಲ್ಯಾಣಕ್ಕೆ ಹೋಗಬೇಕು. ಅಲ್ಲಿ ಟಂಟಂ ಎರಡು ಥರ ಸಿಗ್ತದೆ ಅಂತ ಇಟ್ಕೊಳ್ಳಿ. ಒಂದು, ಸ್ಪೆಷಲ್. ಇಡೀ ಗಾಡಿ ನಿಮ್ಮದು. ನೀವು ಮಾತಾಡ್ತೀರೋ ಸುಮ್ಮನೆ ಕೂತಿರ್ತೀರೋ, ಸೀಟು ಖಾಲಿ ಇದ್ದರೂ ಬೇರೆಯವರನ್ನ ಹತ್ತಿಸೋ ಹಾಗಿಲ್ಲ. ಹಳೆಯ ಫೋನ್ ಕರೆ ಹೀಗೇ. ಕರೆ ಶುರುವಾದ ಕ್ಷಣದಿಂದ ಇಡೋವರೆಗೆ ಒಂದು ದಾರಿ ನಿಮಗೇ ಮೀಸಲು. ಇದಕ್ಕೆ ಸರ್ಕ್ಯೂಟ್ ಪದ್ಧತಿ ಅಂತಾರೆ. ಇನ್ನೊಂದು, ಸೀಟಿನ ಲೆಕ್ಕದ ಟಂಟಂ. ಜಾಗ ಇದ್ದಷ್ಟು ಜನ ಹತ್ತುತಾರೆ, ಉಳಿದವರು ಮುಂದಿನ ಗಾಡಿಗೆ. ಡೇಟಾ ಹೀಗೆ ಹೋಗ್ತದೆ. ನಿಮ್ಮ ಫೋಟೊ, ನಿಮ್ಮ ಮೆಸೇಜು, ಎಲ್ಲವನ್ನೂ ಚಿಕ್ಕ ಚಿಕ್ಕ ಪೊಟ್ಟಣ ಮಾಡಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ಬಿಡೋದು. ಜಾಗ ಸಿಕ್ಕಿದಾಗ ಒಂದೊಂದೇ ಹೋಗಿ ಆ ಕಡೆ ಜೋಡಣೆ ಆಗ್ತಾವೆ. ಈ ಪೊಟ್ಟಣವೇ ಪ್ಯಾಕೆಟ್.

ಇವೆರಡನ್ನೂ ಒಂದೇ ರಸ್ತೆಯಲ್ಲಿ ಓಡಿಸುವ ಐಡಿಯಾ ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಐಬಿಎಂ, ಮೆಕ್ಕಾ ಸೆಲ್ಯುಲಾರ್ ಮುಂತಾದ ಕಂಪನಿಗಳು ಸಿಡಿಪಿಡಿ ಅನ್ನೋ ಪದ್ಧತಿ ತಂದವು. ಆಗ ಅಲ್ಲಿದ್ದದ್ದು ಮಾತಿಗೆಂದೇ ಕಟ್ಟಿದ ಅನಲಾಗ್ ಮೊಬೈಲ್ ಜಾಲ. ಒಂದು ಕರೆ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಚಾನೆಲ್ಲು ಸುಮ್ಮನೆ ಖಾಲಿ ಇರ್ತಿತ್ತು. ಆ ಸಂದಿಯಲ್ಲಿ ಡೇಟಾ ತೂರಿಸೋಣ ಅಂದರು. ವೇಗ ಸೆಕೆಂಡಿಗೆ 19.2 ಕಿಲೋಬಿಟ್. ಕರೆ ಬಂದ ತಕ್ಷಣ ಡೇಟಾ ಎದ್ದು ಬೇರೆ ಖಾಲಿ ಚಾನೆಲ್ ಹುಡುಕಬೇಕು. ಸಿಗದಿದ್ದರೆ ಕಾಯಬೇಕು. ಬಸ್ಸಿನಲ್ಲಿ ರಿಸರ್ವೇಶನ್ ಇದ್ದವರು ಬಂದ ಕೂಡಲೇ ಎದ್ದು ನಿಲ್ಲುವ ಪ್ರಯಾಣಿಕನ ಪರಿಸ್ಥಿತಿ. ಆ ಸಿಡಿಪಿಡಿ ಬಹಳ ದಿನ ಬಾಳಲಿಲ್ಲ. ಆದರೆ ‘ಮಾತು ಮೊದಲು, ಡೇಟಾ ಉಳಿದಿದ್ದರಲ್ಲಿ’ ಅನ್ನೋ ನಿಯಮ ಉಳಿದುಕೊಂಡಿತು.

ನಮ್ಮಲ್ಲಿಗೆ ಅದು ಬಂದದ್ದು ಜಿಎಸ್‌ಎಂ ಮೂಲಕ, ಜಿಪಿಆರ್‌ಎಸ್ ಅನ್ನೋ ಹೆಸರಿನಲ್ಲಿ. ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಸರ ಮಾಡ್ಕೋಬೇಡಿ, ಇಲ್ಲೇ ಗುಟ್ಟಿರೋದು. ಜಿಎಸ್‌ಎಂನಲ್ಲಿ ಒಂದು ಕ್ಯಾರಿಯರ್ ಅಂದರೆ 200 ಕಿಲೋಹರ್ಟ್ಸ್ ಅಗಲದ ದಾರಿ. ಅದನ್ನ ಕಾಲದ ಲೆಕ್ಕದಲ್ಲಿ 8 ಪಾಳಿ ಮಾಡ್ತಾರೆ. ಒಂದು ಕಣ್ಣೆವೆ ಇಕ್ಕುವಷ್ಟರಲ್ಲಿ ಈ ಎಂಟೂ ಪಾಳಿ ಎಷ್ಟೋ ಸಲ ತಿರುಗಿರ್ತಾವೆ. ಒಂದು ಪಾಳಿ ಟವರಿನ ಸ್ವಂತ ಸಂಕೇತಗಳಿಗೆ ಹೋಯ್ತು. ಉಳಿದ ಏಳರಲ್ಲಿ ಪೂರ್ತಿ ಗುಣಮಟ್ಟದ ಏಳು ಕರೆ. ಅರ್ಧರ್ಧ ಮಾಡಿದರೆ ಹದಿನಾಲ್ಕು, ಧ್ವನಿ ಸ್ವಲ್ಪ ಕೆಡ್ತದೆ. ಕರೆ ಇಲ್ಲದ ಪಾಳಿಗಳನ್ನ ಜಿಪಿಆರ್‌ಎಸ್ ಬಳಸಿಕೊಳ್ತದೆ. ಮಧ್ಯಮ ಸಿಗ್ನಲ್ಲಿನಲ್ಲಿ ಒಂದು ಪಾಳಿಗೆ ಸೆಕೆಂಡಿಗೆ ಸುಮಾರು 13.4 ಕಿಲೋಬಿಟ್. ನಾಲ್ಕು ಪಾಳಿ ಖಾಲಿ ಸಿಕ್ಕರೆ ಐವತ್ತು ಚಿಲ್ಲರೆ. ಎಡ್ಜ್ ಬಂದ ಮೇಲೆ ಇದು ಹೆಚ್ಚಾಯಿತು, ಪಾಳಿಯ ಲೆಕ್ಕ ಮಾತ್ರ ಅದೇ.

ಈಗ ಜನವರಿಯ ಹುಮನಾಬಾದ್ ನೆನಪು ಮಾಡ್ಕೊಳ್ಳಿ. ವೀರಭದ್ರೇಶ್ವರ ಜಾತ್ರೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಮೂರೂ ಕಡೆಯಿಂದ ಮಂದಿ. ‘ಎಲ್ಲಿದ್ದಿ?’ ‘ರಥದ ಹತ್ರ ಇದ್ದೀನಿ, ನೀ ಎಲ್ಲಿದ್ದಿ?’ ಪ್ರತಿಯೊಬ್ಬರ ಕೈಯಲ್ಲೂ ಕರೆ. ಪಾಳಿಗಳೆಲ್ಲ ಮಾತಿಗೆ ಹೋದವು. ಡೇಟಾಕ್ಕೆ ಉಳಿದದ್ದು ಸೊನ್ನೆ, ಅಥವಾ ಕಂಪನಿ ಮೀಸಲಿಟ್ಟಿದ್ದರೆ ಒಂದೇ ಒಂದು ಪಾಳಿ, ಅದನ್ನ ಊರೆಲ್ಲ ಹಂಚಿಕೊಳ್ಳಬೇಕು. ಕಡ್ಡಿ ಮಾತ್ರ ಫುಲ್. ಟವರ್ ಪಕ್ಕದಲ್ಲೇ ಇದೆಯಲ್ಲ, ದೀಪ ಯಾಕೆ ಕಾಣಬಾರದು?

‘ಅದೆಲ್ಲ ಹಳೇ ಕಾಲದ ಕತೆ, ಈಗ 4ಜಿ, 5ಜಿ’ ಅಂತ ನೀವು ಹೇಳಬಹುದು. ಅಲ್ಲೇ ಇನ್ನೊಂದು ತಿರುವು ಇದೆ.

4ಜಿ ಪೂರ್ತಿ ಪ್ಯಾಕೆಟ್ ಜಾಲ. ಅದರಲ್ಲಿ ಸ್ಪೆಷಲ್ ಟಂಟಂ ಇಲ್ಲವೇ ಇಲ್ಲ. ಹಾಗಾದರೆ ಮಾತು ಹೇಗೆ? ಮಾತನ್ನೂ ಪೊಟ್ಟಣ ಮಾಡಿ ಕಳಿಸಬೇಕು, ಅದಕ್ಕೆ ವೋಲ್ಟೆ ಅಂತಾರೆ. 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಸೇವೆ ಶುರು ಮಾಡಿದಾಗ ಹೀಗೇ ಮಾಡಿತು, ಅವರ ಬಳಿ 2ಜಿ ಇರಲಿಲ್ಲ. ಉಳಿದ ಕಂಪನಿಗಳ ಬಳಿ 2ಜಿ ಇತ್ತು, ಈಗಲೂ ಇದೆ. ಕೀಪ್ಯಾಡ್ ಫೋನ್ ಇಟ್ಟುಕೊಂಡವರು ನಮ್ಮ ಭಾಗದಲ್ಲಿ ಬಹಳ, ಅವರಿಗೆ 2ಜಿ ಬೇಕೇ ಬೇಕು. ಹಾಗಾಗಿ ವೋಲ್ಟೆ ಇಲ್ಲದ ಫೋನಿಗೆ, ವೋಲ್ಟೆ ಆನ್ ಮಾಡದ ಫೋನಿಗೆ ಕರೆ ಬಂದರೆ ಅದು 4ಜಿಯಿಂದ ಇಳಿದು 2ಜಿಗೆ ಬರ್ತದೆ. ಮಾತು ಮುಗಿಯುವವರೆಗೆ ಡೇಟಾ ಸಾಮಾನ್ಯವಾಗಿ ನಿಂತುಬಿಡ್ತದೆ. ಅಂಗಡಿಯವನ ಜೊತೆ ಫೋನಿನಲ್ಲಿ ಮಾತಾಡುತ್ತಲೇ ‘ನಿಲ್ಲು ಕಾಕಾ, ಈಗಲೇ ಫೋನ್‌ಪೇ ಮಾಡ್ತೀನಿ’ ಅಂತೀರಿ, ಅದು ತಿರುಗುತ್ತಾ ತಿರುಗುತ್ತಾ ಇರ್ತದೆ. ಕರೆ ಇಟ್ಟು ಹತ್ತು ಸೆಕೆಂಡ್ ಬಿಟ್ಟು ನೋಡಿ, ಹೋಗ್ತದೆ.

ಇನ್ನೊಂದು ಕಾರಣ ತರಂಗದ್ದು. 900 ಮೆಗಾಹರ್ಟ್ಸ್ ಅಲೆ ದೂರ ಹೋಗ್ತದೆ, ಗೋಡೆ ದಾಟ್ತದೆ. 1800, 2300 ಅಷ್ಟು ದೂರ ಹೋಗೋದಿಲ್ಲ. ಹೊಲದ ಕೊನೆಗೆ, ಕಲ್ಲಿನ ಗೋಡೆಯ ಮನೆಯೊಳಗೆ, 4ಜಿ ಸಿಗದೇ 2ಜಿ ಮಾತ್ರ ಸಿಗೋದು ಬಹುಪಾಲು ಇದಕ್ಕೇ. ಮೊದಲು ನಡುವೆ 3ಜಿ ಅನ್ನೋ ಮೆಟ್ಟಿಲಿತ್ತು. ಏರ್‌ಟೆಲ್ 2020ರ ಹೊತ್ತಿಗೆ 3ಜಿ ನಿಲ್ಲಿಸಿತು. ಜಾಲದ ದೃಷ್ಟಿಯಿಂದ ಸರಿಯಾದ ನಿರ್ಧಾರವೇ ಇರಬಹುದು, ಆ ತರಂಗ 4ಜಿಗೆ ಬಂತು. ಆದರೆ ಅಂಚಿನಲ್ಲಿರುವವರು ಅಟ್ಟದಿಂದ ಜಾರಿದರೆ ನೇರ ನೆಲಕ್ಕೆ.

ಈಗ ಗಡಿಗೆ ಬರೋಣ. ಬಸವಕಲ್ಯಾಣ ತಾಲ್ಲೂಕಿನ ಎಷ್ಟೋ ಊರುಗಳ ಹೊಲ ಮುಗಿದರೆ ಮಹಾರಾಷ್ಟ್ರ. ಹುಮನಾಬಾದಿನಿಂದ ಅದೇ ಹೆದ್ದಾರಿಯಲ್ಲಿ ಈ ಕಡೆ ತಿರುಗಿದರೆ ಜಹೀರಾಬಾದ್, ಅದು ತೆಲಂಗಾಣ. ನಕ್ಷೆಯಲ್ಲಿ ಗಡಿ ಒಂದು ಗೆರೆ. ತರಂಗಕ್ಕೆ ಆ ಗೆರೆ ಗೊತ್ತಿಲ್ಲ. ಟೆಲಿಕಾಂ ಲೈಸೆನ್ಸಿಗೆ ಮಾತ್ರ ಚೆನ್ನಾಗಿ ಗೊತ್ತು. ಕರ್ನಾಟಕ ಒಂದು ಸರ್ಕಲ್, ಮಹಾರಾಷ್ಟ್ರ ಮತ್ತು ಗೋವಾ ಸೇರಿ ಒಂದು ಸರ್ಕಲ್, ಆಂಧ್ರ ಮತ್ತು ತೆಲಂಗಾಣ ಸೇರಿ ಇನ್ನೊಂದು. ರಾಜ್ಯ ಒಡೆದರೂ ಟೆಲಿಕಾಂ ಸರ್ಕಲ್ ಒಡೆದಿಲ್ಲ, ಅದು ಬೇರೆ ವಿಷಯ.

ಹೀಗಾಗಿ ಮನೆಯ ಅಂಗಳದಲ್ಲಿ ಕರ್ನಾಟಕದ ಟವರ್, ಮಾಳಿಗೆ ಹತ್ತಿದರೆ ಮಹಾರಾಷ್ಟ್ರದ ಟವರ್. ಯಾರಿಗಾದರೂ ಫೋನ್ ಹಚ್ಚಿದರೆ ಮರಾಠಿಯ ಹೆಣ್ಣುದನಿ ಕೇಳಿಸ್ತದೆ. ಮಂದಿ ನಗ್ತಾರೆ, ‘ನಮ್ಮ ಫೋನ್ ಉಮರ್ಗಾಕ್ಕ ಹೋಗ್ಯಾದ’ ಅಂತಾರೆ. ನಗುವಿನ ಹಿಂದೆ ನಡೆಯೋದು ಏನಂದ್ರೆ, ಸರ್ಕಲ್ ಬದಲಾದಾಗ ಫೋನು ಹೊಸ ಜಾಲದಲ್ಲಿ ಮತ್ತೆ ಹೆಸರು ಬರೆಸಬೇಕು, ಡೇಟಾ ಸಂಪರ್ಕ ಮತ್ತೆ ಕಟ್ಟಬೇಕು. ಸಾಮಾನ್ಯವಾಗಿ ನಿಮ್ಮ ಪೊಟ್ಟಣಗಳು ಆ ಕಡೆಯ ಜಾಲದಿಂದ ಮತ್ತೆ ನಿಮ್ಮ ತವರು ಸರ್ಕಲ್ಲಿಗೇ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಇಳೀತಾವೆ. ದೂರ ದೊಡ್ಡ ಸಮಸ್ಯೆ ಅಲ್ಲ, ಫೈಬರಿನಲ್ಲಿ ಅದು ಮಿಲಿಸೆಕೆಂಡುಗಳ ಮಾತು. ಸಮಸ್ಯೆ ಇರೋದು ಫೋನು ಎರಡು ಟವರುಗಳ ಮಧ್ಯೆ ಹೊಯ್ದಾಡೋದರಲ್ಲಿ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಪ್ರತಿ ಸಲ ಕೆಲವು ಸೆಕೆಂಡ್ ಹೋಯ್ತು. ಅರ್ಧ ಹೋಗಿದ್ದ ಫೋಟೊ ಅಲ್ಲೇ ನಿಂತಿತು.

ಇಲ್ಲಿ ಒಂದು ಉಪಯೋಗದ ಮಾತು ಹೇಳಿಬಿಡ್ತೀನಿ. ಫೋನಿನ ಸೆಟ್ಟಿಂಗ್ಸಿನಲ್ಲಿ ‘ಡೇಟಾ ರೋಮಿಂಗ್’ ಅಂತ ಇರ್ತದೆ. ಹಿಂದೆ ರೋಮಿಂಗಿಗೆ ದುಡ್ಡು ಹೋಗ್ತಿತ್ತು, ಅದಕ್ಕೆ ಬಹಳ ಮಂದಿ ಆಫ್ ಮಾಡಿಟ್ಟಿದ್ದಾರೆ. ದೇಶದೊಳಗೆ ಈಗ ಆ ಚಿಂತೆ ಇಲ್ಲ. ಆಫ್ ಇದ್ದರೆ ಪಕ್ಕದ ರಾಜ್ಯದ ಟವರ್ ಹಿಡಿದಾಗ ಕೆಲವು ಫೋನುಗಳಲ್ಲಿ ಮಾತು ಬರ್ತದೆ, ಡೇಟಾ ಬರೋದಿಲ್ಲ. ಗಡಿ ಊರಿನವರು ಇದನ್ನ ಆನ್ ಇಟ್ಟುಕೊಳ್ಳೋದು ವಾಸಿ. ಮತ್ತೆ ಒಂದು ಕರ್ನಾಟಕದ ಸಿಮ್ಮು, ಒಂದು ಮಹಾರಾಷ್ಟ್ರದ ಸಿಮ್ಮು ಇಟ್ಟುಕೊಂಡವರು ನೆನಪಿಡಿ, ಹೆಚ್ಚಿನ ಸಾಧಾರಣ ಫೋನುಗಳಲ್ಲಿ ಒಂದು ಸಿಮ್ಮಿನಲ್ಲಿ ಮಾತಾಡ್ತಿರುವಾಗ ಇನ್ನೊಂದರ ಡೇಟಾ ಮಲಗಿರ್ತದೆ.

ಸರಿ, ಇಷ್ಟೆಲ್ಲ ಇದ್ದರೆ ಏನಾಯ್ತು, ವಿಡಿಯೊ ಸ್ವಲ್ಪ ನಿಧಾನ ಬಂದರೆ ಯಾರ ಮನೆ ಮುಳುಗಿತು? ವಿಡಿಯೊ ಆಗಿದ್ದರೆ ನಾನು ಈ ಸಂಚಿಕೆ ಮಾಡ್ತಿರಲಿಲ್ಲ.

ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಇಡಬೇಕು. ಆ ಬೆರಳಚ್ಚಿನ ಮಾಹಿತಿ ದೊಡ್ಡದೇನಲ್ಲ, ಕೆಲವೇ ಕಿಲೋಬೈಟು. 2ಜಿಯಲ್ಲೂ ಹೋಗಬಹುದಾದಷ್ಟು ಸಣ್ಣದು. ಹಾಗಿದ್ದೂ ಯಾಕೆ ‘ಸರ್ವರ್ ಇಲ್ಲ’ ಅಂತಾರೆ? ಎಲ್ಲ ಸಲ ಸರ್ವರಿನ ತಪ್ಪಲ್ಲ. ಬೆರಳಚ್ಚು ಹೋಗುವ ಮುಂಚೆ ಯಂತ್ರ ಮತ್ತು ಸರ್ವರ್ ನಡುವೆ ‘ನೀನು ಯಾರು, ನಾನು ಯಾರು, ಬೀಗದ ಕೈ ಯಾವುದು’ ಅಂತ ಹಲವು ಸುತ್ತು ಮಾತುಕತೆ ನಡೀಬೇಕು. ಒಳ್ಳೆಯ 4ಜಿಯಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಜಿಪಿಆರ್‌ಎಸ್‌ನಲ್ಲಿ ಒಂದು ಸುತ್ತಿಗೇ ಮುಕ್ಕಾಲು ಸೆಕೆಂಡು, ಒಂದು ಸೆಕೆಂಡು, ಪಾಳಿ ಸಿಗದಿದ್ದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ಆ ಕಡೆಯ ಯಂತ್ರ ‘ಟೈಮ್ ಆಯ್ತು’ ಅಂತ ಬಾಗಿಲು ಹಾಕ್ಕೊಳ್ತದೆ. ಮತ್ತೆ ಬೆರಳು, ಮತ್ತೆ ಮೊದಲಿಂದ. ವೇಗ ಕಡಿಮೆ ಇರೋದಕ್ಕಿಂತ ಈ ಕಾಯುವಿಕೆಯೇ ದೊಡ್ಡ ಶತ್ರು. ಬೆಂಗಳೂರಿನ ಆಫೀಸಿನಲ್ಲಿ, ವೈಫೈ ಕೆಳಗೆ ಕೂತು ಆ ಸಾಫ್ಟ್‌ವೇರ್ ಪರೀಕ್ಷೆ ಮಾಡಿದವರಿಗೆ ಇದು ಯಾವತ್ತೂ ಕಾಣೋದಿಲ್ಲ.

ಉದ್ಯೋಗ ಖಾತ್ರಿಯದು ಇನ್ನೊಂದು ಬಗೆ. 2023ರ ಜನವರಿ 1ರಿಂದ ಕೆಲಸದ ಜಾಗದ ಹಾಜರಿಯನ್ನ ಎನ್‌ಎಂಎಂಎಸ್ ಅನ್ನೋ ಆ್ಯಪಿನಲ್ಲಿ, ದಿನಕ್ಕೆ ಎರಡು ಸಲ ಫೋಟೊ ಸಮೇತ ಹಾಕೋದು ಕಡ್ಡಾಯ ಆಯಿತು. ನಮ್ಮ ರಾಜ್ಯದಲ್ಲಿ ಆ ಹಾಜರಿ ಹಾಕುವವರನ್ನ ‘ಕಾಯಕ ಬಂಧು’ ಅಂತ ಕರೆದರು. ಕಲ್ಯಾಣದ ಮಣ್ಣಿನ ಹೆಸರು, ಚೆನ್ನಾಗಿದೆ. ಆದರೆ ಆ ಕಾಯಕ ಬಂಧು ಫೋನ್ ಮೇಲೆತ್ತಿ ಹಿಡ್ಕೊಂಡು ಕೆರೆ ಏರಿ ಮೇಲೆ ಓಡಾಡೋದು ಕಾಯಕದಲ್ಲಿ ಸೇರಿರಲಿಲ್ಲ. ಲೆಕ್ಕ ಹಾಕಿ. 300 ಕಿಲೋಬೈಟಿನ ಒಂದು ಫೋಟೊ, ಸೆಕೆಂಡಿಗೆ 40 ಕಿಲೋಬಿಟ್ ವೇಗ. ಒಂದು ನಿಮಿಷ ಬೇಕು, ಅದೂ ನಡುವೆ ಎಲ್ಲೂ ಕಡಿಯದೇ ಇದ್ದರೆ. ಕಡಿದರೆ, ಅರ್ಧದಿಂದ ಮುಂದುವರಿಸುವ ವ್ಯವಸ್ಥೆ ಆ್ಯಪಿನಲ್ಲಿ ಇಲ್ಲದಿದ್ದರೆ, ಮತ್ತೆ ಸೊನ್ನೆಯಿಂದ. ನೆಟ್ ಇಲ್ಲದಾಗ ಹಾಜರಿ ಫೋನಿನಲ್ಲೇ ಇಟ್ಟುಕೊಂಡು, ನೆಟ್ ಸಿಕ್ಕಾಗ ಕಳಿಸುವ ಅವಕಾಶ ಕೊಟ್ಟಿದ್ದರು, ಅದು ಒಳ್ಳೆಯದೇ. ಆದರೆ ಅದು ಹೋಗಿ ಮುಟ್ಟಬೇಕು, ಇಲ್ಲದಿದ್ದರೆ ದಿನವಿಡೀ ಮಣ್ಣು ಹೊತ್ತವರ ಹಾಜರಿಗೆ ಯಾರ ಬಳಿ ಹೋಗೋದು?

ಇದಕ್ಕೆ ಎದುರಾಗಿ ಇನ್ನೊಂದು ಯಂತ್ರ ನೋಡ್ರಿ. ಸಸ್ತಾಪುರ ಬಂಗ್ಲಾದ ಚಹಾದಂಗಡಿಯಲ್ಲಿ ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಕೂಗುವ ಸೌಂಡ್‌ಬಾಕ್ಸ್. ಅದರೊಳಗೂ ಒಂದು ಸಿಮ್ ಇದೆ, ಎಷ್ಟೋ ಪೆಟ್ಟಿಗೆಗಳಲ್ಲಿ 2ಜಿ ಸಿಮ್ಮೇ. ದುಡ್ಡು ಕೊಡುವವನ ದುಬಾರಿ ಫೋನ್ ಒದ್ದಾಡ್ತಿರುವಾಗ ಆ ಬಡ ಪೆಟ್ಟಿಗೆ ಕೂಗಿಯೇ ಬಿಡ್ತದೆ. ಯಾಕೆ? ಅದನ್ನ ಮಾಡಿದವರಿಗೆ ಗೊತ್ತಿತ್ತು, ಇದು ಸಂದಿಯಲ್ಲಿ ಬದುಕಬೇಕಾದ ಯಂತ್ರ ಅಂತ. ಒಂದು ಸಲ ಸಂಪರ್ಕ ಕಟ್ಟಿ ಅದನ್ನೇ ಹಿಡಿದುಕೊಂಡಿರ್ತದೆ. ಬರೋದು ಕೆಲವೇ ಬೈಟಿನ ಸಣ್ಣ ಪೊಟ್ಟಣ. ಧ್ವನಿ ಮೊದಲೇ ಒಳಗಿದೆ, ಅಂಕಿ ಮಾತ್ರ ಗಾಳಿಯಲ್ಲಿ ಬರ್ತದೆ.

ಎಸ್‌ಎಂಎಸ್ಸೂ ಹಾಗೇ. ಅದು ಮಾತಿನ ಪಾಳಿಯನ್ನೂ ಕೇಳೋದಿಲ್ಲ, ಡೇಟಾವನ್ನೂ ಕೇಳೋದಿಲ್ಲ. ಟವರಿನ ಸ್ವಂತ ಸಂಕೇತದ ದಾರಿಯಲ್ಲಿ 140 ಬೈಟು ತೂರಿಸಿಕೊಂಡು ಬರ್ತದೆ. ಫೋನ್ ಆಫ್ ಇದ್ದರೆ ಕೇಂದ್ರದಲ್ಲಿ ಕೂತು ಕಾಯ್ತದೆ, ಆನ್ ಆದಾಗ ಬರ್ತದೆ. ಬ್ಯಾಂಕಿನ *99# ಕೂಡ ಜಿಎಸ್‌ಎಂನಲ್ಲಿ ಅದೇ ಸಂಕೇತದ ದಾರಿ. 2014ರಿಂದ ದೇಶದೆಲ್ಲೆಡೆ ಇದೆ. ಅದಕ್ಕಿದ್ದ ಶುಲ್ಕವನ್ನ 2022ರಲ್ಲಿ ಟ್ರಾಯ್ ಸೊನ್ನೆ ಮಾಡಿತು. ಮೆನು ಸ್ವಲ್ಪ ತಲೆನೋವು, ಒಪ್ಪಿಕೊಳ್ತೀನಿ. ಆದರೆ ಜಾತ್ರೆಯ ದಿನ ಹಣ ಕಳಿಸಲೇಬೇಕಾದರೆ ಅದನ್ನೂ ಒಮ್ಮೆ ಒತ್ತಿ ನೋಡಿ.

ಹಾಗಾಗಿ ‘ಇನ್ನೊಂದು ಟವರ್ ಹಾಕ್ರಿ’ ಅನ್ನೋ ಬೇಡಿಕೆ ಅರ್ಧ ಮಾತ್ರ ಸರಿ ಅಂತ ನನ್ನ ಅಭಿಪ್ರಾಯ. ಟವರ್ ಬೇಕು, ಇಲ್ಲ ಅನ್ನೋದಿಲ್ಲ. 2025ರ ಸೆಪ್ಟೆಂಬರ್ 27ಕ್ಕೆ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನ ಪ್ರಧಾನಿ ಉದ್ಘಾಟಿಸಿದರು, ದೇಶದಲ್ಲಿ 97,500ಕ್ಕೂ ಹೆಚ್ಚು ಟವರ್ ಅಂದರು. ಗಡಿಗೆ ಅದರಿಂದ ಉಪಕಾರ ಆಗಬೇಕು. ಆದರೆ ಟವರಿಗೆ ಹಿಂದಿನಿಂದ ಬರುವ ಕೊಳವೆ ಫೈಬರೋ ಅಥವಾ ಗಾಳಿಯ ಮೈಕ್ರೊವೇವೋ, ಕರೆಂಟು ಹೋದರೆ ಬ್ಯಾಟರಿ ಎಷ್ಟು ಹೊತ್ತು ನಿಲ್ತದೆ, ಇದನ್ನ ಕೇಳುವವರು ಕಡಿಮೆ. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮದ ಪ್ರಕಾರ ಕಂಪನಿಗಳು ಎಲ್ಲಿ 2ಜಿ, ಎಲ್ಲಿ 4ಜಿ ಅಂತ ಬೇರೆ ಬೇರೆ ನಕ್ಷೆಯನ್ನ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ನಿಮ್ಮ ಊರನ್ನ ಅದರಲ್ಲಿ ಹುಡುಕಿ. ನಕ್ಷೆಯಲ್ಲಿ 4ಜಿ ಬಣ್ಣ ಇದ್ದು ನಿಮ್ಮ ಫೋನಿನಲ್ಲಿ ‘ಇ’ ಅಕ್ಷರ ಇದ್ದರೆ, ಫೋಟೊ ಹಿಡಿದು ದೂರು ಕೊಡಿ.

ಉಳಿದ ಅರ್ಧ, ಆ್ಯಪ್ ಮಾಡುವವರದು ಮತ್ತು ಆದೇಶ ಹೊರಡಿಸುವವರದು. ಜಾಲ ಕಡಿಯೋದೇ ಸಹಜ ಅಂತ ತಿಳಿದು ಯಂತ್ರ ಮಾಡಿದರೆ ಚಹಾದಂಗಡಿಯ ಪೆಟ್ಟಿಗೆ ಆಗ್ತದೆ. ಜಾಲ ಸದಾ ಇರ್ತದೆ ಅಂತ ತಿಳಿದು ಮಾಡಿದರೆ ಪಡಿತರದ ಸಾಲು ಬೆಳೀತದೆ.

ಕೊನೆಗೆ ಪಡಿತರದವರಿಗೆ ಒಂದು ಮಾತು, ಇದನ್ನ ದಯವಿಟ್ಟು ನಿಮ್ಮ ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಹಾಕಿ. ಬೆರಳಚ್ಚು ಹೊಂದಲಿಲ್ಲ, ನೆಟ್ ಇಲ್ಲ ಅನ್ನುವ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು, ಬೇರೆ ದಾಖಲೆ ನೋಡಿ, ವಿನಾಯಿತಿ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬೇಕು ಅಂತ ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಅಂಗಡಿಯವರ ಜೊತೆ ಜಗಳ ಬೇಡ, ಅವರೂ ಅದೇ ಟವರಿನ ಕೆಳಗೇ ಕೂತಿದ್ದಾರೆ. ‘ಅಣ್ಣಾ, ರಿಜಿಸ್ಟರ್ ತೆಗೀರಿ’ ಅಂತ ಕೇಳಿ. ಇಲ್ಲ ಅಂದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರೆದು ಕೊಡಿ, ತಾರೀಖು ಮತ್ತು ಹೊತ್ತು ಸಮೇತ. ನಿಮ್ಮ ಫೋನಿನಲ್ಲಿ ಆ ಹೊತ್ತಿಗೆ ಯಾವ ಅಕ್ಷರ ಇತ್ತು, ‘ಇ’ ಇತ್ತೋ ‘4ಜಿ’ ಇತ್ತೋ, ಅದನ್ನೂ ಬರೆಯಿರಿ.

ನಿಮ್ಮ ಊರಿನ ಅನುಭವ ನಮಗೂ ಬರೆದು ಕಳಿಸಿ.